ದೊಂರೆಮಿ ಲಾ ಪುಸೆಲ್: ಒಂದು ಊರಿನ ಹೆಸರು, ಎರಡು ಕಾಲದ ಬರಹ

ಫ್ರಾನ್ಸಿನ ಈಶಾನ್ಯ ಭಾಗದ ವೋಜ್ ಜಿಲ್ಲೆಯಲ್ಲಿ, ಮ್ಯೂಸ್ ನದಿಯ ಎಡದಂಡೆಯ ಮೇಲೆ, ಇನ್ನೂರು ಜನವೂ ತುಂಬದ ದೊಂರೆಮಿ ಲಾ ಪುಸೆಲ್ ಎಂಬ ಹಳ್ಳಿಯೊಂದಿದೆ. ಆಡಳಿತದ ಲೆಕ್ಕದಲ್ಲಿ ಅದು ಒಂದು ಕಮ್ಯೂನ್. ಎಂದರೆ ತನ್ನದೇ ಮೇಯರ್, ತನ್ನದೇ ಸಭೆ ಇರುವ, ಫ್ರಾನ್ಸಿನ ಆಡಳಿತದ ಅತ್ಯಂತ ಕೆಳಗಿನ ಘಟಕ. ಅಂಥ ಕಮ್ಯೂನುಗಳು ಆ ದೇಶದಲ್ಲಿ ಸುಮಾರು 35,000 ಇವೆ, ಅವುಗಳಲ್ಲಿ ಬಹುಪಾಲು ಊರುಗಳ ಹೆಸರು ತಮ್ಮ ಸೀಮೆ ದಾಟಿ ಹೋಗುವುದೇ ಇಲ್ಲ. ದೊಂರೆಮಿ ಹಾಗಲ್ಲ. ಇಂಗ್ಲಿಷ್ ಪಠ್ಯಗಳ ದಾರಿಯಿಂದ ನಮಗೆ ‘ಜೋನ್ ಆಫ್ ಆರ್ಕ್’ ಎಂದು ಪರಿಚಿತಳಾದ, ಇಂಗ್ಲಿಷರ ವಿರುದ್ಧ ಫ್ರಾನ್ಸಿನ ದೊರೆಯ ಪರ ಹೋರಾಡಿ ಸೆರೆಸಿಕ್ಕು, ಧರ್ಮದ್ರೋಹದ ಆರೋಪದ ಮೇಲೆ ಸುಡಲ್ಪಟ್ಟ ಹುಡುಗಿ 1412ರ ಸುಮಾರಿಗೆ ಹುಟ್ಟಿದ್ದು ಇದೇ ಊರಿನಲ್ಲಿ. ಊರಿನ ಹೆಸರಿನ ಕೊನೆಯಲ್ಲಿರುವ ‘ಲಾ ಪುಸೆಲ್’ ಎಂಬ ಮಾತಿನ ಅರ್ಥ ‘ಆ ಕನ್ಯೆ’ ಎಂದು. ಆ ಕನ್ಯೆ ಆಕೆಯೇ.

ಸ್ಥಳನಾಮಗಳ ಅಧ್ಯಯನಕ್ಕೆ ಈ ಪುಟ್ಟ ಹೆಸರು ಒಳ್ಳೆಯ ಪ್ರಕರಣ ಎನ್ನಲು ಕಾರಣ ಆಕೆಯ ಕೀರ್ತಿಯಲ್ಲ. ಆ ಕೀರ್ತಿ ಹೆಸರನ್ನು ಓದುವ ನಮ್ಮ ಕಣ್ಣಿಗೆ ಮಾಡುವ ಕಿತಾಪತಿ. ಪ್ರಸಿದ್ಧರಾದವರ ಊರಿನ ಹೆಸರನ್ನು ಕಂಡೊಡನೆ ನಾವು ಅದನ್ನು ಹಿಂದುಮುಂದಾಗಿ ಓದತೊಡಗುತ್ತೇವೆ. ಮುಂದೆ ಆದದ್ದೆಲ್ಲ ಮೊದಲೇ ಹೆಸರಿನಲ್ಲಿ ಅಡಗಿತ್ತೇನೋ ಎಂಬಂತೆ ಅರ್ಥ ಕಟ್ಟುತ್ತೇವೆ. ದೊಂರೆಮಿಯ ವಿಷಯದಲ್ಲಿ ಈ ಓದು ಬರೀ ವಿದ್ವತ್ತಿನ ತಪ್ಪಾಗಿ ಉಳಿಯಲಿಲ್ಲ. ಊರಿನ ಪಕ್ಕದ ಒಂದು ಕಾಡಿನ ಹೆಸರಿಗೆ ಯಾವ ಅರ್ಥ ಮಾಡಬೇಕು ಎಂಬ ಪ್ರಶ್ನೆ ಒಂದು ಜೀವದ ವಿಚಾರಣೆಯೊಳಗೂ ಬಂದು ಕುಳಿತಿತು. ಹಾಗಾಗಿ ಹೆಸರಿನ ತುಂಡುಗಳನ್ನು ಒಂದೊಂದಾಗಿ, ಅವು ಸೇರಿಕೊಂಡ ಕಾಲದ ಅನುಕ್ರಮದಲ್ಲಿಯೇ ನೋಡುವುದು ಸರಿಯಾದ ಕ್ರಮ.

ಪೂರ್ವಪದ: ಒಡೆಯ ರೆಮಿ

‘ದೊಂರೆಮಿ’ ಎಂಬುದು ಒಂದು ಸಮಾಸ. ಅದರ ಮೂಲ ರೂಪ ಲ್ಯಾಟಿನ್ನಿನ ‘ದೊಮಿನುಸ್ ರೆಮಿಗಿಯುಸ್’, ಅಂದರೆ ‘ಒಡೆಯ ರೆಮಿಗಿಯುಸ್’. ‘ದೊಮಿನುಸ್’ ಎಂದರೆ ಮನೆಯ ಯಜಮಾನ, ಒಡೆಯ, ಸ್ವಾಮಿ. ಆಡುಮಾತಿನಲ್ಲಿ ನಡುವಿನ ಇಕಾರ ಬೇಗನೆ ಲೋಪವಾಗಿ ‘ದೊಮ್ನುಸ್’ ಆಯಿತು, ಅಲ್ಲಿಂದ ಕೊನೆಯ ಪ್ರತ್ಯಯವೂ ಉದುರಿ ‘ದೊಂ’ ಅಥವಾ ‘ದಾಂ’ ಉಳಿಯಿತು. ಬೆನೆಡಿಕ್ಟನ್ ಸನ್ಯಾಸಿಗಳ ಹೆಸರಿನ ಮುಂದೆ ಈಗಲೂ ಬರುವ ‘ದೊಂ’ ಎಂಬ ಗೌರವಪದ ಇದೇ. ದುಬಾರಿ ಶಾಂಪೇನ್ ಬಾಟಲಿಯ ಮೇಲೆ ಹೆಸರಾಗಿ ಕೂತಿರುವ ದೊಂ ಪೆರಿನ್ಯೋಂ ಕೂಡ ಅಂಥ ಒಬ್ಬ ಸನ್ಯಾಸಿಯೇ. ಇದೇ ಪದದ ಸ್ತ್ರೀಲಿಂಗ ‘ದೊಮಿನಾ’ ಫ್ರೆಂಚಿನಲ್ಲಿ ‘ದಾಮ್’ ಆಗಿ, ‘ನನ್ನ ಒಡತಿ’ ಎಂಬರ್ಥದಲ್ಲಿ ‘ಮದಾಮ್’ ಆಗಿ, ಇಂಗ್ಲಿಷಿನ ಮೂಲಕ ನಮ್ಮ ಕಚೇರಿಗಳಿಗೆ ‘ಮೇಡಂ’ ಆಗಿ ಬಂದು ಸೇರಿದೆ. ತಹಸೀಲ್ದಾರರ ಕಚೇರಿಯ ಕಿಟಕಿಯಲ್ಲಿ ‘ಮೇಡಂ, ನನ್ನ ಅರ್ಜಿ’ ಎನ್ನುವಾಗ ನಮ್ಮ ಬಾಯಲ್ಲಿ ಬರುವುದು ದೊಂರೆಮಿಯ ಮೊದಲ ಅಕ್ಷರದ ತಂಗಿ.

ಸಂತನೊಬ್ಬನನ್ನು ‘ಒಡೆಯ’ ಎಂದು ಕರೆದದ್ದು ಏಕೆ? ಫ್ರಾನ್ಸಿನ ಭೂಪಟದಲ್ಲಿ ‘ಸಾಂ’ ಎಂದು ಶುರುವಾಗುವ ಊರುಗಳಿಗೆ ಲೆಕ್ಕವಿಲ್ಲ; ‘ಸಾಂ’ ಎಂದರೆ ‘ಸಂತ’. ಆದರೆ ಆ ಪದವೇ ಸಂತರಿಗೆ ಖಾಯಂ ಗೌರವಪದವಾಗಿ ನೆಲೆಯೂರುವ ಮುನ್ನ, ಮೆರೋವಿಂಜಿಯನ್ ಅರಸರ ಕಾಲದಲ್ಲಿ, ಎಂದರೆ ಸ್ಥೂಲವಾಗಿ 6ರಿಂದ 8ನೆಯ ಶತಮಾನದವರೆಗೆ, ‘ದೊಮ್ನುಸ್’ ಆ ಕೆಲಸವನ್ನು ಮಾಡುತ್ತಿತ್ತು. ದೊಂಪಿಯೇರ್ ಎಂದರೆ ಒಡೆಯ ಪೇತ್ರ, ದೊಂಮಾರ್ತಾಂ ಎಂದರೆ ಒಡೆಯ ಮಾರ್ಟಿನ್, ದೊಂಬಾಲ್ ಎಂದರೆ ಒಡೆಯ ಬಾಸೊಲುಸ್, ದೊಮೆವ್ರ್ ಎಂದರೆ ತೂಲ್ ಪಟ್ಟಣದ ಬಿಷಪ್ ಆಗಿದ್ದ ಒಡೆಯ ಆಪೆರ್, ದಾನ್‌ಮಾರಿ ಎಂದರೆ ಒಡತಿ ಮೇರಿ. ಲೊರೇನ್, ಶಾಂಪೇನ್ ಮತ್ತು ಅವುಗಳ ನೆರೆಯ ಪೂರ್ವ ಸೀಮೆಗಳಲ್ಲಿ ಇಂಥ ಹೆಸರುಗಳು ದಟ್ಟವಾಗಿವೆ. ಒಂದು ಊರಿನ ಹೆಸರು ‘ಸಾಂ’ ಎಂದು ಶುರುವಾಗದೆ ‘ದೊಂ’ ಎಂದು ಶುರುವಾಗಿದ್ದರೆ ಅದು ಆ ಊರಿನ ಗುಡಿಯ, ಅಥವಾ ಗುಡಿಯ ಸುತ್ತ ಬೆಳೆದ ಜನವಸತಿಯ ಹಳಮೆಗೆ ಸಾಕಷ್ಟು ಗಟ್ಟಿಯಾದ ಸೂಚನೆ. ಶಾಸನ ಸಿಗದ ಕಡೆ ಹೆಸರೇ ಶಾಸನದ ಕೆಲಸ ಮಾಡುವುದು ಹೀಗೆ.

ಇನ್ನೊಂದು ಅಂಶವೂ ಗಮನಾರ್ಹ. ಈ ಹೆಸರಿನಲ್ಲಿ ‘ಊರು’, ‘ಹಟ್ಟಿ’, ‘ತೋಟ’ ಎಂಬರ್ಥದ ಯಾವ ವಾಚಕವೂ ಇಲ್ಲ. ಪಕ್ಕದ ಕುಸೆ, ಎದುರು ದಂಡೆಯ ಮಾಕ್ಸೆ ಮುಂತಾದ ಊರುಗಳ ಹೆಸರಿನ ಕೊನೆಯ ಸ್ವರ ಸಾಮಾನ್ಯವಾಗಿ ‘ಇಯಾಕುಂ’ ಎಂಬ ಹಳೆಯ ಪ್ರತ್ಯಯದ ಸವೆದ ರೂಪ; ಅದು ‘ಇಂಥವನ ಜಮೀನು’ ಎಂಬ ಅರ್ಥ ಕೊಡುತ್ತದೆ. ಆ ಊರುಗಳು ಜಮೀನ್ದಾರರ ಹೆಸರು ಹೊತ್ತವು. ದೊಂರೆಮಿಯಲ್ಲಿ ಜಮೀನಿನ ಮಾತೇ ಇಲ್ಲ, ಬರೀ ಸಂತನ ಹೆಸರು. ಗುಡಿಯೇ ಊರು, ಊರೇ ಗುಡಿ ಎಂಬಂತೆ.

ಈ ವ್ಯುತ್ಪತ್ತಿ ವಿದ್ವಾಂಸರ ಊಹೆಯಲ್ಲ ಎಂಬುದಕ್ಕೆ ಎರಡು ಸಾಕ್ಷಿಗಳಿವೆ. ಮೊದಲನೆಯದು ಊರಿನ ಗುಡಿ. ಅದು ಇಂದಿಗೂ ಸಂತ ರೆಮಿಯದೇ. ಎರಡನೆಯದು ಬರವಣಿಗೆ. 15ನೆಯ ಶತಮಾನದ ದಾಖಲೆಗಳಲ್ಲಿ ಈ ಊರು ಹಲವು ಕಡೆ ‘ದೊಂಪ್ರೆಮಿ’ ಎಂದು, ನಡುವೆ ಒಂದು ಪಕಾರ ಸೇರಿಸಿಕೊಂಡು ಕಾಣಿಸುತ್ತದೆ. ಆ ಪಕಾರ ಎಲ್ಲಿಂದ ಬಂತು ಎಂದು ತಿಳಿಯಲು ‘ದೊಮ್’ ಎಂದು ತುಟಿ ಮುಚ್ಚಿ, ತಡಮಾಡದೆ ‘ರೆಮಿ’ ಎಂದು ಬಾಯಿ ತೆರೆದು ನೋಡಿದರೆ ಸಾಕು: ಮುಚ್ಚಿದ ತುಟಿ ಬಿಡುವ ಹೊತ್ತಿಗೆ ನಡುವೆ ಒಂದು ‘ಪ್’ ತಾನಾಗಿ ಸಿಡಿಯುತ್ತದೆ. ನಮ್ಮ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದು ಪಕಾರಾಗಮ. ಹಳೆಯ ಫ್ರೆಂಚಿನಲ್ಲಿ ಈ ಗೌರವಪದವನ್ನು ಬಿಡಿಯಾಗಿ ಬರೆಯುವಾಗಲೂ ‘ದೊಂಪ್’, ‘ದಾಂಪ್’ ಎಂದು ಪಕಾರ ಸಹಿತ ಬರೆಯುವ ರೂಢಿಯಿತ್ತು. ಆದ್ದರಿಂದ ‘ದೊಂಪ್ರೆಮಿ’ ಎಂದು ಬರೆದ ಕರಣಿಕನ ಕಿವಿಗೆ ಅದಿನ್ನೂ ‘ಒಡೆಯ ರೆಮಿ’ ಎಂಬ ಎರಡು ಪದಗಳಾಗಿ ಕೇಳಿಸುತ್ತಿದ್ದಿರಬಹುದು. ಇಂದಿನ ಬರವಣಿಗೆಯಲ್ಲಿ ಆ ಪಕಾರವಿಲ್ಲ. ಅದು ಹೋದುದರಿಂದ ಹೆಸರಿನ ಒಂದು ಹೊಲಿಗೆ ಮರೆಯಾದಂತಾಗಿದೆ.

ರೆಮಿ ಮತ್ತು ರೈಮ್ಸ್: ಎದುರಿಗೇ ಇರುವ ಗುಂಡಿ

ರೆಮಿಗಿಯುಸ್ ರೈಮ್ಸ್ ನಗರದ ಬಿಷಪ್. 5ನೆಯ ಶತಮಾನದ ಕೊನೆಯಲ್ಲಿ ಫ್ರಾಂಕರ ಅರಸ ಕ್ಲೋವಿಸ್‌ಗೆ ದೀಕ್ಷಾಸ್ನಾನ ಮಾಡಿಸಿದವನು ಈತನೇ. ಆ ಹೊತ್ತಿನಲ್ಲಿ ಒಂದು ಪಾರಿವಾಳ ಆಕಾಶದಿಂದ ಪವಿತ್ರ ತೈಲದ ಕುಡಿಕೆಯನ್ನು ತಂದುಕೊಟ್ಟಿತು ಎಂಬ ಐತಿಹ್ಯ 9ನೆಯ ಶತಮಾನದಲ್ಲಿ ಬೆಳೆಯಿತು. ಮುಂದೆ ಫ್ರಾನ್ಸಿನ ಅರಸರು ರೈಮ್ಸ್‌ಗೆ ಹೋಗಿ ಆ ಕುಡಿಕೆಯ ತೈಲದಿಂದಲೇ ಅಭಿಷೇಕ ಮಾಡಿಸಿಕೊಳ್ಳುವ ಸಂಪ್ರದಾಯ ನೆಲೆಗೊಂಡಿತು. ಕುಡಿಕೆಯನ್ನು ಕಾಯ್ದಿಟ್ಟಿದ್ದು ಆ ನಗರದ ಸಂತ ರೆಮಿ ಮಠದಲ್ಲಿ. 1429ರ ಜುಲೈ 17ರಂದು ಏಳನೆಯ ಶಾರ್ಲ್ ದೊರೆಯನ್ನು ಅದೇ ನಗರಕ್ಕೆ ಕರೆದೊಯ್ದು, ಅದೇ ತೈಲದ ಅಭಿಷೇಕ ಆಗುವಾಗ ಪಕ್ಕದಲ್ಲಿ ಬಾವುಟ ಹಿಡಿದು ನಿಂತಿದ್ದವಳು ದೊಂರೆಮಿಯ ಜೋನ್.

ಇಷ್ಟು ಹೇಳಿದ ಮೇಲೆ ಓದುಗರ ಮನಸ್ಸಿನಲ್ಲಿ ಏನು ಓಡುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ರೆಮಿಯ ಹೆಸರಿನ ಊರಿನಲ್ಲಿ ಹುಟ್ಟಿದವಳು ರೆಮಿಯ ನಗರಕ್ಕೆ ದೊರೆಯನ್ನು ಕರೆದೊಯ್ದಳು. ಹೆಸರಿನಲ್ಲಿಯೇ ಹಣೆಬರಹ ಇತ್ತು! ಭಕ್ತಿಯ ಬರಹಗಳಲ್ಲಿ ಈ ಹೊಂದಿಕೆ ಚೆನ್ನಾಗಿ ಬೆಳಗುತ್ತದೆ. ಆದರೆ ಸ್ಥಳನಾಮದ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಡಿಮೆ. ರೆಮಿ ಉತ್ತರ ಮತ್ತು ಪೂರ್ವ ಫ್ರಾನ್ಸಿನಲ್ಲಿ ತುಂಬ ಜನಪ್ರಿಯನಾದ ಸಂತ. ಲೊರೇನಿನ ಆಸುಪಾಸಿನಲ್ಲಿಯೇ ದೊಂರೆಮಿ ಲಾ ಕಾನ್, ದೊಂರೆಮಿ ಓ ಬ್ವಾ, ಪಕ್ಕದ ಜಿಲ್ಲೆಯಲ್ಲಿ ದೊಂರೆಮಿ ಲಾಂದೆವಿಲ್ ಎಂದು ಇದೇ ಹೆಸರಿನ ಬೇರೆ ಊರುಗಳಿವೆ. ಅಲ್ಲಿ ಯಾರ ಹಣೆಯಲ್ಲಿಯೂ ರೈಮ್ಸ್ ಬರೆದಿರಲಿಲ್ಲ. ನಾವು ನೋಡುತ್ತಿರುವ ದೊಂರೆಮಿ ಒಂದು ಕಾಲದಲ್ಲಿ ರೈಮ್ಸ್‌ನ ಸಂತ ರೆಮಿ ಮಠದ ಆಸ್ತಿಯಾಗಿತ್ತು, ಅದಕ್ಕೇ ಈ ಹೆಸರು ಎಂಬ ಅಭಿಪ್ರಾಯವನ್ನು ಹಳೆಯ ಇತಿಹಾಸಕಾರರು ಬರೆದದ್ದುಂಟು. ಆದರೆ ಸಂತನಿಗೆ ಗುಡಿ ಕಟ್ಟಲು ಮಠದ ಒಡೆತನ ಬೇಕೇ ಬೇಕೆಂದೇನಿಲ್ಲ, ಆದ್ದರಿಂದ ಹೆಸರೊಂದನ್ನೇ ಹಿಡಿದು ಆಸ್ತಿಯ ಹಕ್ಕನ್ನು ಸಾಧಿಸುವುದು ಸಲ್ಲದು.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿದೆ. ರೈಮ್ಸ್ ಎಂಬ ನಗರದ ಹೆಸರು ಸಂತ ರೆಮಿಯಿಂದ ಬಂದದ್ದು ಎಂದು ತಿಳಿಯುವುದು ಬಹಳ ಸುಲಭ, ಏಕೆಂದರೆ ಎರಡೂ ಒಂದೇ ರೀತಿ ಕೇಳಿಸುತ್ತವೆ. ವಾಸ್ತವದಲ್ಲಿ ಎರಡಕ್ಕೂ ಸಂಬಂಧವಿಲ್ಲ. ರೋಮನ್ನರ ಕಾಲದಲ್ಲಿ ಆ ನಗರದ ಹೆಸರು ದುರೊಕೊರ್ತೊರುಂ. ಅದನ್ನು ರಾಜಧಾನಿ ಮಾಡಿಕೊಂಡಿದ್ದ ಗಾಲ್ (ಪ್ರಾಚೀನ ಫ್ರಾನ್ಸ್) ಬುಡಕಟ್ಟಿನ ಹೆಸರು ‘ರೆಮಿ’. ರೋಮನ್ ಆಳ್ವಿಕೆಯ ಕೊನೆಯ ಘಟ್ಟದಲ್ಲಿ ಉತ್ತರ ಗಾಲ್‌ನ ಹಲವು ನಗರಗಳ ಮೂಲ ಹೆಸರು ಹಿಂದೆ ಸರಿದು ಬುಡಕಟ್ಟಿನ ಹೆಸರೇ ನಗರಕ್ಕೆ ನಿಂತಿತು. ಪಾರಿಸಿ ಬುಡಕಟ್ಟಿನಿಂದ ಪ್ಯಾರಿಸ್ ಆದಂತೆ ರೆಮಿ ಬುಡಕಟ್ಟಿನಿಂದ ರೈಮ್ಸ್ ಆಯಿತು. ಬಿಷಪ್ಪನ ಹೆಸರಾದ ರೆಮಿಗಿಯುಸ್ ಹುಟ್ಟಿದ್ದೋ ‘ಹುಟ್ಟು ಹಾಕುವವನು’ ಎಂಬರ್ಥದ ‘ರೆಮೆಕ್ಸ್’ ಎಂಬ ಲ್ಯಾಟಿನ್ ಪದದಿಂದ. ಹಾಗಾಗಿ ಮ್ಯೂಸ್ ನದಿಯ ದಂಡೆಯ ಈ ಊರಿನ ಹೆಸರನ್ನು ಬೇರುಮಟ್ಟಕ್ಕೆ ಬಿಡಿಸಿದರೆ ‘ಒಡೆಯ ಅಂಬಿಗ’ ಎಂದಾಗುತ್ತದೆ. ನದಿ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ಇದರಿಂದಲೂ ಇನ್ನೊಂದು ಕಥೆ ಕಟ್ಟಬಹುದು, ಕಟ್ಟಬಾರದು. ಊರಿಗೆ ಹೆಸರಿಟ್ಟವರ ತಲೆಯಲ್ಲಿ ಇದ್ದದ್ದು ಸಂತ, ಅವನ ಹೆಸರಿನ ಧಾತುವಲ್ಲ.

ನ್ಯಾಯಾಲಯದ ಮುಂದೆ ಬಂದ ಊರಿನ ಹೆಸರು

1431ರ ಫೆಬ್ರವರಿ 21ರಂದು, ಆಗ ಇಂಗ್ಲಿಷರ ವಶದಲ್ಲಿದ್ದ ರುವಾಂ ನಗರದ ಕೋಟೆಯ ಪೂಜಾಮಂದಿರದಲ್ಲಿ ಜೋನ್‌ಳ ಮೊದಲ ಬಹಿರಂಗ ವಿಚಾರಣೆ ನಡೆಯಿತು. ಹೆಸರೇನು ಎಂದು ಕೇಳಿದಾಗ ಆಕೆ, ತನ್ನ ಸೀಮೆಯಲ್ಲಿ ತನ್ನನ್ನು ‘ಜಾನೆತ್’ ಎನ್ನುತ್ತಿದ್ದರೆಂದೂ ಫ್ರಾನ್ಸಿಗೆ ಬಂದ ಮೇಲೆ ‘ಜಾನ್’ ಎನ್ನುತ್ತಾರೆಂದೂ, ಅಡ್ಡಹೆಸರಿನ ವಿಷಯ ತನಗೆ ಗೊತ್ತಿಲ್ಲವೆಂದೂ ಹೇಳಿದಳು. ಯಾವ ಊರು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ನಮಗೆ ಇನ್ನೂ ಮುಖ್ಯ: ತಾನು ಹುಟ್ಟಿದ್ದು ದೊಂರೆಮಿಯಲ್ಲಿ, ಅದು ಗ್ರೂ ಎಂಬ ಊರಿನೊಂದಿಗೆ ಒಂದೇ, ಮುಖ್ಯ ಗುಡಿ ಇರುವುದು ಗ್ರೂನಲ್ಲಿ. ಫ್ರೆಂಚಿನಲ್ಲಿ ಗುರುತು ಹಾಕಿಕೊಂಡು ಆಮೇಲೆ ಲ್ಯಾಟಿನ್ನಿಗೆ ಇಳಿಸಿದ ಆ ದಾಖಲೆಯಲ್ಲಿ ಊರಿನ ಹೆಸರು ‘ದೊಂಪ್ರೆಮಿ’ ಎಂದೇ ಇದೆ.

ಈ ಸಣ್ಣ ಉತ್ತರದಲ್ಲಿ ಎರಡು ವಿಷಯಗಳಿವೆ. ‘ಫ್ರಾನ್ಸಿಗೆ ಬಂದ ಮೇಲೆ’ ಎಂಬ ಮಾತು ಒಂದು. ಫ್ರಾನ್ಸಿನ ದೊರೆಗಾಗಿ ಪ್ರಾಣ ಕೊಡಲು ಹೊರಟವಳು ತನ್ನ ಊರನ್ನು ‘ಫ್ರಾನ್ಸ್’ ಎಂದು ಕರೆಯುತ್ತಿಲ್ಲ. ಆ ಸೀಮೆಯ ರೂಢಿಯಲ್ಲಿ ‘ಫ್ರಾನ್ಸ್’ ಎಂದರೆ ದೊರೆಯ ನೇರ ಆಳ್ವಿಕೆಯ ಒಳನಾಡು, ಅದು ದೂರದ್ದು. ಎರಡನೆಯದು, ಊರಿನ ಗುರುತನ್ನು ಹೇಳಲು ಪಕ್ಕದ ಊರಿನ ಆಸರೆ ಬೇಕಾದದ್ದು. ದೊಂರೆಮಿ ಆಗ ಗ್ರೂನ ಬಾಲ. ದೊಂರೆಮಿಯ ಹೆಸರಿಗೆ ಆಗ ‘ಲಾ ಪುಸೆಲ್’ ಎಂಬ ಬಾಲ ಇರಲಿಲ್ಲ.

ಊರಿನ ಒಳಗೇ ಹರಿಯುತ್ತಿದ್ದ ಒಂದು ಹಳ್ಳ ಎರಡು ಒಡೆತನಗಳ ಗಡಿಯಾಗಿತ್ತು. ಒಂದು ಪಾಲು ಬಾರ್ ಡ್ಯೂಕನ ಸೀಮೆಗೆ ಸೇರಿದ್ದು, ಆ ಪಾಲಿಗೆ ಡ್ಯೂಕ್ ಫ್ರಾನ್ಸಿನ ದೊರೆಗೆ ನಡೆದುಕೊಳ್ಳಬೇಕಾಗಿತ್ತು. ಇನ್ನೊಂದು ಪಾಲು ಗ್ರೂ ಊರಿನ ಜೊತೆಗೆ ದೊರೆಯ ಶಾಂಪೇನ್ ಸೀಮೆಗೆ ಸೇರಿದ್ದು. ಜೋನ್‌ಳ ಮನೆ ಹಳ್ಳದ ಯಾವ ದಡದಲ್ಲಿತ್ತು, ಹಳ್ಳ ಆಗ ಎಲ್ಲಿ ಹರಿಯುತ್ತಿತ್ತು ಎಂಬುದರ ಮೇಲೆ 19ನೆಯ ಶತಮಾನದ ವಿದ್ವಾಂಸರು ಆಕೆ ಲೊರೇನಿನವಳೋ, ಬಾರ್ ಸೀಮೆಯವಳೋ, ಶಾಂಪೇನಿನವಳೋ ಎಂದು ದಶಕಗಟ್ಟಲೆ ಕಾದಾಡಿದರು. ಸ್ವತಃ ದೊರೆಯ ಕಾರ್ಯಾಲಯಕ್ಕೂ ಇದರಲ್ಲಿ ಅನುಮಾನ ಇತ್ತೆಂದು ತೋರುತ್ತದೆ. 1429ರ ಡಿಸೆಂಬರಿನಲ್ಲಿ ಆಕೆಯ ಮನೆತನಕ್ಕೆ ಕುಲೀನ ಪದವಿ ಕೊಟ್ಟ ಪತ್ರ ಊರನ್ನು ಶೋಮೋಂ ಆಡಳಿತವಿಭಾಗಕ್ಕೆ ಸೇರಿಸಿ, ಕೂಡಲೇ ‘ಅಥವಾ ಅದರ ಗಡಿಸೀಮೆಗೆ’ ಎಂದು ಒಂದು ಎಳೆ ಸಡಿಲ ಬಿಡುತ್ತದೆ. ಸರ್ಕಾರಿ ಕರಣಿಕರ ಇಂಥ ಜಾಣತನ ಯಾವ ದೇಶದ್ದಾದರೂ ಒಂದೇ ಜಾತಿಯದು.

ಊರಿನ ಮಕ್ಕಳಿಗೆ ಮಾತ್ರ ಈ ಅನುಮಾನ ಇರಲಿಲ್ಲ. ನದಿಯಾಚೆಯ ಮಾಕ್ಸೆಯವರು ಇಂಗ್ಲಿಷರ ಜೊತೆಗಿದ್ದ ಬರ್ಗಂಡಿಯ ಡ್ಯೂಕನ ಪಕ್ಷ, ದೊಂರೆಮಿಯವರು ದೊರೆಯ ಪಕ್ಷ. ತನ್ನೂರಿನ ಹುಡುಗರು ಮಾಕ್ಸೆಯ ಹುಡುಗರೊಡನೆ ಹೊಡೆದಾಡಿ ಮೈಯೆಲ್ಲ ಗಾಯ ಮಾಡಿಕೊಂಡು, ರಕ್ತ ಸುರಿಸಿಕೊಂಡು ಮನೆಗೆ ಬರುತ್ತಿದ್ದುದನ್ನು ಕಂಡಿದ್ದೇನೆಂದು ಜೋನ್ ವಿಚಾರಣೆಯಲ್ಲಿ ಹೇಳುತ್ತಾಳೆ.

ಬ್ವಾ ಶೆನು: ಒಂದು ಸಕಾರ ಮಾಡಿದ ಕೆಲಸ

ಫೆಬ್ರವರಿ 24ರ ವಿಚಾರಣೆಯಲ್ಲಿ ಪ್ರಶ್ನೆಗಳು ಊರಿನಿಂದ ಊರಿನ ಹೊರಗಿನ ಮರಕ್ಕೆ, ಬುಗ್ಗೆಗೆ, ಕಾಡಿಗೆ ದಾಟಿದವು. ಮರ ಒಂದು ದೊಡ್ಡ ಬೀಚ್ ಮರ, ಬೂರ್ಲೆಮೋಂ ಜಮೀನ್ದಾರರದು. ಅದಕ್ಕೆ ‘ಒಡತಿಯರ ಮರ’ ಎಂದೂ ‘ಯಕ್ಷಿಯರ ಮರ’ ಎಂದೂ ಹೆಸರು. ಹುಡುಗಿಯರು ಅಲ್ಲಿ ಹೂಮಾಲೆ ಕಟ್ಟುತ್ತಿದ್ದರು, ಹಾಡಿ ಕುಣಿಯುತ್ತಿದ್ದರು. ಕಾಡಿನ ಹೆಸರು ‘ಬ್ವಾ ಶೆನು’. ತಂದೆಯ ಮನೆಯ ಬಾಗಿಲಲ್ಲಿ ನಿಂತರೆ ಅದು ಕಾಣುತ್ತದೆ, ಅರ್ಧ ಹರದಾರಿಯೂ ದೂರವಿಲ್ಲ ಎಂದು ಆಕೆ ಹೇಳಿದ್ದಾಳೆ.

‘ಬ್ವಾ’ ಎಂದರೆ ಕಾಡು. ತಕರಾರು ಇರುವುದು ‘ಶೆನು’ ಪದದಲ್ಲಿ. ಅದನ್ನು ಎರಡು ಬಗೆಯಲ್ಲಿ ಓದಬಹುದು. ಓಕ್ ಮರಕ್ಕೆ ಹಳೆಯ ಫ್ರೆಂಚಿನಲ್ಲಿ ‘ಶೆಸ್ನ್’ ಎಂಬ ಪದವಿತ್ತು, ಅದರಿಂದ ‘ಶೆಸ್ನು’, ಎಂದರೆ ಓಕ್ ಮರಗಳಿಂದ ತುಂಬಿದ್ದು. ಇನ್ನೊಂದು ಪದ ಲ್ಯಾಟಿನ್ನಿನ ‘ಕಾನುತುಸ್’ನಿಂದ ಬಂದ ‘ಶೆನು’, ಎಂದರೆ ತಲೆ ನೆರೆತದ್ದು, ಬಿಳಿಗೂದಲಿನದು. ನಕಾರದ ಹಿಂದಿನ ಸಕಾರ ಆಡುಮಾತಿನಲ್ಲಿ ಲೋಪವಾದ ಮೇಲೆ ಎರಡು ಪದಗಳೂ ಕಿವಿಗೆ ಒಂದೇ ಆದವು. ಗುಡ್ಡದ ಇಳಿಜಾರಿನಲ್ಲಿ ಹಂದಿ ಮೇಯಿಸಿ, ಸೌದೆ ತರುತ್ತಿದ್ದ ಊರಿನವರಿಗೆ ಅದು ಓಕ್ ಕಾಡು. ವಿಚಾರಣೆಯ ದಾಖಲೆಯಲ್ಲಿಯೂ ಅದನ್ನು ಸಕಾರ ಸಹಿತವಾಗಿಯೇ ಬರೆಯಲಾಗಿದೆ.

ಆದರೆ ಊರಿನ ಹೊರಗೆ ಬೇರೆ ಓದು ಸಿದ್ಧವಾಗಿತ್ತು. ಮಾಂತ್ರಿಕ ಮರ್ಲಿನನ ಹೆಸರಿನಲ್ಲಿ ಯುರೋಪಿನಲ್ಲಿ ಹರಡಿದ್ದ ಲ್ಯಾಟಿನ್ ಭವಿಷ್ಯವಾಣಿಗಳಲ್ಲಿ ‘ನೆಮುಸ್ ಕಾನುತುಂ’, ಅಂದರೆ ‘ನರೆಗೂದಲಿನ ಕಾಡು’ ಎಂಬುದರಿಂದ ಬರುವ ಒಬ್ಬ ಕನ್ಯೆಯ ಮಾತಿತ್ತು. ಅದನ್ನು ಫ್ರೆಂಚಿಗೆ ತಿರುಗಿಸಿದರೆ ನೇರ ‘ಬ್ವಾ ಶೆನು’. ತಾನು ದೊರೆಯ ಬಳಿಗೆ ಬಂದಾಗ ಕೆಲವರು, ನಿನ್ನ ಸೀಮೆಯಲ್ಲಿ ಬ್ವಾ ಶೆನು ಎಂಬ ಕಾಡು ಇದೆಯೇ, ಅದರ ಆಸುಪಾಸಿನಿಂದ ಒಬ್ಬ ಕನ್ಯೆ ಬಂದು ಅದ್ಭುತ ಕೆಲಸ ಮಾಡುತ್ತಾಳೆಂಬ ಭವಿಷ್ಯವಾಣಿ ಉಂಟಲ್ಲ ಎಂದು ಕೇಳಿದರೆಂದೂ, ತಾನು ಅದರಲ್ಲಿ ನಂಬಿಕೆ ಇಡಲಿಲ್ಲವೆಂದೂ ಜೋನ್ ನ್ಯಾಯಾಧೀಶರಿಗೆ ತಿಳಿಸಿದಳು.

ಒಂದೇ ಹೆಸರನ್ನು ಮೂರು ಗುಂಪಿನವರು ಓದಿದ ರೀತಿ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಊರಿನವರಿಗೆ ಅದು ಮರಗಳ ಲೆಕ್ಕ. ದೊರೆಯ ಕಡೆಯವರಿಗೆ ಆಕೆಯ ಆಗಮನದ ಮುನ್ಸೂಚನೆ. ಯಕ್ಷಿಯರ ಮರದಿಂದ ಹಿಡಿದು ಬುಗ್ಗೆಯ ನೀರಿನವರೆಗೆ ಮಾಟದ ವಾಸನೆ ಹುಡುಕುತ್ತಿದ್ದ ರುವಾಂನ ನ್ಯಾಯಾಧೀಶರಿಗೆ ಆಕೆಯನ್ನು ಸಿಕ್ಕಿಸಲು ಒಂದು ಕೊಕ್ಕೆ. ಈ ಮೂವರಲ್ಲಿ ಭಾಷೆಯ ದೃಷ್ಟಿಯಿಂದ ಸರಿಯಾಗಿ ಓದಿದವರು ಓದುಬರಹ ಬಾರದ ಊರಿನವರು, ಮತ್ತು ಅವರ ಮಗಳಾದ ಜೋನ್. 1431ರ ಮೇ 30ರಂದು ಆಕೆಯನ್ನು ಸುಟ್ಟರು. ಶಿಕ್ಷೆಗೆ ಕಾಡಿನ ಹೆಸರೇ ಕಾರಣ ಎನ್ನುವುದು ಅತಿಶಯೋಕ್ತಿ; ಆದರೆ ಪ್ರಶ್ನೆಗಳ ಸರಣಿಯಲ್ಲಿ ಅದೂ ಒಂದು ಕೊಂಡಿಯಾಗಿತ್ತು. ಅದೇ ಇಳಿಜಾರಿನಲ್ಲಿ 1881ರಲ್ಲಿ ಆಕೆಯ ಸ್ಮರಣೆಗೆ ಒಂದು ಬಸಿಲಿಕಾ, ಎಂದರೆ ವಿಶೇಷ ಮನ್ನಣೆಯ ಚರ್ಚು, ಕಟ್ಟಲು ತೊಡಗಿ 1926ರಲ್ಲಿ ಪ್ರತಿಷ್ಠೆ ಮಾಡಿದರು. ಅದರ ಹೆಸರಿನಲ್ಲಿ ಇಂದು ‘ಶೆನು’ ಎಂಬ ಸಕಾರವಿಲ್ಲದ ರೂಪವೇ ನಿಂತಿದೆ. ಭವಿಷ್ಯವಾಣಿಯ ಕಾಗುಣಿತ ಗೆದ್ದಿತು.

ಉತ್ತರಪದ: ‘ಲಾ ಪುಸೆಲ್’

ಜೋನ್ ತನ್ನನ್ನು ತಾನು ‘ದಾರ್ಕ್’ ಎಂದು ಕರೆದುಕೊಂಡವಳಲ್ಲ. ತಂದೆಯ ಹೆಸರಿನ ಈ ಭಾಗ ದಾಖಲೆಗಳಲ್ಲಿ ದಾರ್ಕ್, ತಾರ್ಕ್, ದಾಯ್ ಎಂದು ಹಲವು ವೇಷಗಳಲ್ಲಿ ಬರುತ್ತದೆ. ತನ್ನ ಸೀಮೆಯಲ್ಲಿ ಹೆಣ್ಣುಮಕ್ಕಳು ತಾಯಿಯ ಅಡ್ಡಹೆಸರು ಹಿಡಿಯುತ್ತಾರೆಂದು ಆಕೆಯೇ ವಿಚಾರಣೆಯಲ್ಲಿ ಹೇಳಿದ್ದುಂಟು, ಆ ಲೆಕ್ಕದಲ್ಲಿ ಆಕೆ ‘ರೊಮೆ’ ಆಗಬೇಕಿತ್ತು. ಆಕೆ ತನ್ನ ಪತ್ರಗಳಲ್ಲಿ ಹೇಳಿಸಿದ್ದು ‘ಲಾ ಪುಸೆಲ್’ ಎಂದು. ಹದಿಹರೆಯದ ಹುಡುಗಿ, ಮದುವೆಯಾಗದವಳು, ಮನೆಗೆಲಸದ ಹುಡುಗಿ, ಇಷ್ಟೆಲ್ಲ ಅರ್ಥಗಳು ಆ ಪದಕ್ಕಿದ್ದವು. ಅದರ ಮುಂದೆ ‘ಲಾ’ ಹಾಕಿದೊಡನೆ ಅದು ಒಬ್ಬಳಿಗೇ ಸಲ್ಲುವ ಬಿರುದಾಯಿತು.

ಊರಿಗೂ ಈ ಬಿರುದಿಗೂ ಮೊದಲು ನಂಟು ಬೆಸೆದದ್ದು ಹೆಸರಲ್ಲ, ತೆರಿಗೆ. ರೈಮ್ಸ್‌ನ ಅಭಿಷೇಕ ಆಗಿ ಎರಡು ವಾರಕ್ಕೆ, 1429ರ ಜುಲೈ 31ರಂದು, ಶಾತೋ ತಿಯೆರಿಯಲ್ಲಿ ಬೀಡುಬಿಟ್ಟಿದ್ದ ದೊರೆ ಗ್ರೂ ಮತ್ತು ದೊಂರೆಮಿಯ ನಿವಾಸಿಗಳಿಗೆ ‘ನಮ್ಮ ಪ್ರೀತಿಯ ಜಾನ್ ಲಾ ಪುಸೆಲ್‌ಳ ಕೋರಿಕೆಯಂತೆ’ ಕಂದಾಯ ಮತ್ತಿತರ ತೆರಿಗೆಗಳನ್ನು ಮನ್ನಾ ಮಾಡಿ ಪತ್ರ ಹೊರಡಿಸಿದನು. ತನಗಾಗಿ ಆಕೆ ಹಣ, ಜಹಗೀರು ಕೇಳಿದ್ದು ಕಾಣುವುದಿಲ್ಲ. ಊರಿಗೆ ಇದನ್ನು ಕೇಳಿದಳು. ಆಮೇಲೆ ಕಂದಾಯದ ಕಡತಗಳಲ್ಲಿ ಈ ಊರುಗಳ ಹೆಸರಿನ ಎದುರು ಮೊತ್ತ ಬರೆಯುವ ಜಾಗದಲ್ಲಿ ‘ಏನೂ ಇಲ್ಲ, ಲಾ ಪುಸೆಲ್’ ಎಂದು ಬರೆಯುತ್ತಿದ್ದರು ಎಂದು ಹೇಳುವುದುಂಟು. ಊರಿನ ಹೆಸರಿನ ಪಕ್ಕದಲ್ಲಿ ಆ ಬಿರುದನ್ನು ವರ್ಷವರ್ಷವೂ ಕಾಣುತ್ತ ಬಂದರೆ, ಎರಡೂ ಸೇರಿ ಒಂದೇ ಪದವಾಗಲು ಯಾರ ಅಪ್ಪಣೆಯೂ ಬೇಕಿಲ್ಲ. ಇದನ್ನು ನಾನು ಸಾಬೀತಾದ ಸಂಗತಿ ಎಂದು ಹೇಳುತ್ತಿಲ್ಲ. ಹೆಸರುಗಳು ರೂಢಿಯಾಗುವ ಬಗೆ ಬಲ್ಲವರಿಗೆ ಇದು ಸಹಜವಾಗಿ ತೋರುತ್ತದೆ ಎಂದಷ್ಟೇ.

ಆದರೂ ಬಾಲ ಅಂಟಿಕೊಳ್ಳಲು ಸಮಯ ಹಿಡಿಯಿತು. 1456ರ ಆರಂಭದಲ್ಲಿ, ಶಿಕ್ಷೆಯನ್ನು ರದ್ದುಪಡಿಸಲು ನಡೆದ ಮರುವಿಚಾರಣೆಗೆ ಊರಿನ ಮತ್ತು ಆಸುಪಾಸಿನ ಮೂವತ್ತಕ್ಕೂ ಹೆಚ್ಚು ಜನ, ಆಕೆಯ ಬಾಲ್ಯದ ಗೆಳತಿಯರೂ ಸೇರಿ, ಸಾಕ್ಷಿ ಹೇಳಿದಾಗಲೂ ಊರು ಬರೀ ದೊಂರೆಮಿ. 1580ರ ಸೆಪ್ಟೆಂಬರಿನಲ್ಲಿ ಇಟಲಿಗೆ ಹೊರಟಿದ್ದ ಲೇಖಕ ಮೊಂತೇನ್ ಈ ದಾರಿಯಲ್ಲಿ ಹಾದುಹೋದನು. ಅವನ ಪ್ರಯಾಣದ ದಿನಚರಿಯಲ್ಲಿ, ಆ ಭಾಗವನ್ನು ಬರೆದ ಅವನ ಕಾರ್ಯದರ್ಶಿಯ ಕೈಯಲ್ಲಿ, ಊರು ‘ಮ್ಯೂಸ್ ದಂಡೆಯ ದೊಂರೆಮಿ’. ಆಕೆ ಹುಟ್ಟಿದ ಪುಟ್ಟ ಮನೆಯ ಮುಂಗೋಡೆಯ ತುಂಬ ಆಕೆಯ ಸಾಹಸಗಳ ಚಿತ್ರಗಳಿದ್ದು ಕಾಲದಿಂದ ಕೆಟ್ಟುಹೋಗಿವೆ, ದ್ರಾಕ್ಷಿತೋಟದ ಪಕ್ಕ ‘ಪುಸೆಲ್‌ಳ ಮರ’ ಎಂಬ ಮರವಿದೆ, ಅದರಲ್ಲಿ ಬೇರೆ ವಿಶೇಷವೇನೂ ಇಲ್ಲ ಎಂದು ಆ ದಿನಚರಿ ಹೇಳುತ್ತದೆ. ಕೊನೆಯ ಮಾತು ನನಗೆ ಬಹಳ ಇಷ್ಟ. 1431ರಲ್ಲಿ ಯಕ್ಷಿಯರದಾಗಿದ್ದ ಮರ ನೂರೈವತ್ತು ವರ್ಷಗಳಲ್ಲಿ ಆಕೆಯದಾಗಿದೆ. ಎಂದರೆ ಬಿರುದು ಮೊದಲು ಮರವನ್ನು ಹಿಡಿಯಿತು. ಊರಿಗೆ ಅದು ಖಾಯಮ್ಮಾಗಿ ಅಂಟಿದ್ದು ನಿಧಾನವಾಗಿ.

ಬಾಲದಿಂದ ಒಂದು ವ್ಯಾವಹಾರಿಕ ಉಪಯೋಗವೂ ಇತ್ತೆಂಬುದನ್ನು ಮರೆಯಬಾರದು. ಇಷ್ಟೊಂದು ದೊಂರೆಮಿಗಳಿರುವಾಗ ಯಾವ ದೊಂರೆಮಿ ಎಂದು ಹೇಳಲೇಬೇಕು. ಉಳಿದವು ಕಾಡನ್ನೋ ಪಕ್ಕದೂರನ್ನೋ ಸೇರಿಸಿಕೊಂಡವು. ಇದಕ್ಕೆ ಒಬ್ಬ ಹುಡುಗಿ ಸಿಕ್ಕಿದಳು. ಪ್ರಸಿದ್ಧರ ಹೆಸರನ್ನು ಊರಿಗೆ ಸೇರಿಸುವುದು ಫ್ರಾನ್ಸಿನಲ್ಲಿ ಮುಂದೆ ಸಾಕಷ್ಟು ನಡೆದಿದೆ: ಫೆರ್ನೆ ಎಂಬ ಊರು 1878ರಲ್ಲಿ ಫೆರ್ನೆ ವೊಲ್ತೇರ್ ಆಯಿತು, ತತ್ವಜ್ಞಾನಿ ದೆಕಾರ್ತ್ ಹುಟ್ಟಿದ ಲಾ ಹೇ 1802ರಲ್ಲಿ ಲಾ ಹೇ ದೆಕಾರ್ತ್ ಆಗಿ 1967ರಲ್ಲಿ ಬರೀ ದೆಕಾರ್ತ್ ಆಯಿತು. ಅವೆಲ್ಲ ಸರ್ಕಾರಿ ಆದೇಶದ ಬದಲಾವಣೆಗಳು. ದೊಂರೆಮಿಯಲ್ಲಿ ಅಡ್ಡಹೆಸರು ಇಲ್ಲ, ಇಟ್ಟ ಹೆಸರೂ ಇಲ್ಲ; ಆಕೆ ತಾನೇ ಆರಿಸಿಕೊಂಡ ಬಿರುದು ಮಾತ್ರ ಇದೆ. 1920ರಲ್ಲಿ ಆಕೆಯನ್ನು ಸಂತಳೆಂದು ಚರ್ಚು ಸಾರಿದ ಮೇಲೂ ಊರಿನ ಹೆಸರಿಗೆ ‘ಸಾಂತ್’ ಸೇರಲಿಲ್ಲ. ಆ ಹೊತ್ತಿಗೆ ಹೆಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಇಂದು ಮನೆಯ ಬಾಗಿಲ ಬಳಿ

ಜೋನ್ ಹುಟ್ಟಿದ್ದೆಂದು ಹೇಳುವ ಮನೆ ಗುಡಿಯ ಪಕ್ಕದಲ್ಲಿಯೇ ಇದೆ; ಅದರ ಸೂರು ಒಂದೇ ಕಡೆಗೆ ಓರೆಯಾಗಿ ಇಳಿಯುತ್ತದೆ. 1818ರಲ್ಲಿ ವೋಜ್ ಜಿಲ್ಲೆಯ ಆಡಳಿತ ಅದನ್ನು ಖಾಸಗಿಯವರಿಂದ ಕೊಂಡಿತು. ಬಾಗಿಲ ಮೇಲಿನ ಕಲ್ಲಿನಲ್ಲಿ ಫ್ರಾನ್ಸಿನ ಲಾಂಛನ, ಆಕೆಯ ಮನೆತನಕ್ಕೆ ದೊರೆ ಕೊಟ್ಟ ಕತ್ತಿಯ ಲಾಂಛನ, 1481 ಎಂಬ ಇಸವಿ, ‘ದುಡಿಮೆಗೆ ಜಯವಾಗಲಿ’, ‘ದೊರೆ ಲೂಯಿಗೆ ಜಯವಾಗಲಿ’ ಎಂಬ ಎರಡು ಘೋಷಗಳಿವೆ. ಕೆತ್ತಿಸಿದವರು ಊರಿನ ಹೆಸರನ್ನೂ ಹಾಕಿಸಲಿಲ್ಲ, ಬಿರುದನ್ನೂ ಹಾಕಿಸಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದು.

ಹೆಸರಿನ ಕಾಗುಣಿತ ಮಾತ್ರ ಇನ್ನೂ ಪೂರ್ತಿ ಒಂದು ನೆಲೆಗೆ ನಿಂತಿಲ್ಲ. ‘ರೆ’ ಅಕ್ಷರದ ಏಕಾರದ ಮೇಲೆ ಒಂದು ಓರೆಗೆರೆ ಹಾಕಬೇಕೇ ಬೇಡವೇ ಎಂಬಲ್ಲಿ ಅಧಿಕೃತ ಪಟ್ಟಿ ಒಂದು ಕಡೆ, ಹಲವು ಇತಿಹಾಸಕಾರರು ಇನ್ನೊಂದು ಕಡೆ. ಓರೆಗೆರೆ ಹಾಕಿದರೆ ಇಂದಿನ ರೆಮಿ ಎಂಬ ಹೆಸರಿನ ಉಚ್ಚಾರ ಬರುತ್ತದೆ. ಬಿಟ್ಟರೆ ಹಳೆಯ ದಾಖಲೆಗಳ ರೂಪಕ್ಕೆ ಹತ್ತಿರ. ನನ್ನ ಒಲವು ಓರೆಗೆರೆ ಇಲ್ಲದ ಬರಹದ ಕಡೆಗೆ. ಕನ್ನಡದಲ್ಲಿ ಬರೆಯುವಾಗ ಈ ಜಗಳದಿಂದ ನಾವು ಹೇಗೂ ಪಾರು.

ಇಷ್ಟರ ನಡುವೆ ಗ್ರೂ ಒಂದು ಉಳಿಯುತ್ತದೆ. ದೊಂರೆಮಿಯಿಂದ ಕೆಳಹರಿವಿಗೆ ನಡೆದೇ ಹೋಗಬಹುದಾದ ದೂರದಲ್ಲಿರುವ ಆ ಊರು ಇಂದು ಬೇರೆಯೇ ಕಮ್ಯೂನ್. 1429ರ ಮನ್ನಾ ಪತ್ರದಲ್ಲಿ ಮೊದಲು ಬರುವ ಹೆಸರು ಅದರದು, ಜೋನ್ ಹೇಳಿದ ಮುಖ್ಯ ಗುಡಿಯೂ ಅದರದೇ. ಅದರ ಹೆಸರಿಗೆ ಆಗಲೂ ಬಾಲ ಇರಲಿಲ್ಲ, ಈಗಲೂ ಇಲ್ಲ. ಅದು ಬರೀ ಗ್ರೂ.